ಬೈರಿಗೆಯ ಮೊನೆ: ಮರಕ್ಕೆ ತೂತು ಕೊರೆದ ಕತೆ

ಮರಕ್ಕೆ ತೂತು ಹಾಕುವುದು ಕಷ್ಟದ ಕೆಲಸವಲ್ಲ. ದುಂಡಗೆ, ನೇರವಾಗಿ, ಗುರುತು ಹಾಕಿದ ಜಾಗದಲ್ಲೇ, ಅಂಚು ಸಿಡಿಯದ ಹಾಗೆ ಹಾಕುವುದು ಕಷ್ಟ. ಹೊಸ ಮನೆಯ ವಾರ್ಡ್‌ರೋಬಿಗೆ ಹಿಡಿಕೆ ಕೂರಿಸುವಾಗ ಡ್ರಿಲ್ ಬಿಟ್ ಗುರುತಿನಿಂದ ಅಕ್ಕಿಕಾಳಿನಷ್ಟು ಆಚೆ ಜಾರಿದರೆ, ಹಿಂಬದಿಯಲ್ಲಿ ಲ್ಯಾಮಿನೇಟು ಚಕ್ಕೆ ಎದ್ದು ಬಂದರೆ, ಬೈಗುಳ ಬೀಳುವುದು ಬಡಗಿಗೆ. ‘ಕೈ ಇನ್ನೂ ಕುದುರಿಲ್ಲ’ ಎನ್ನುತ್ತಾರೆ ಮನೆಯವರು. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಬಹಳಷ್ಟು ಸಲ ಆ ಮಿಷನ್ನಿನ ಬಾಯಿಗೆ ಸಿಕ್ಕಿಸಿದ ಉಕ್ಕಿನ ಕಡ್ಡಿ ಮರಕ್ಕೆಂದು ಹುಟ್ಟಿದ್ದೇ ಅಲ್ಲ. ಅದು 160 ವರ್ಷಗಳ ಹಿಂದೆ ಕಬ್ಬಿಣ ಮತ್ತು ಉಕ್ಕನ್ನು ಕೊರೆಯಲು ರೂಪುಗೊಂಡದ್ದು. ಮರಕ್ಕೆಂದೇ ರೂಪುಗೊಂಡ ಬಿಟ್‌ಗಳ ವಂಶ ಬೇರೆ. ಅದರ ಹಿಂದೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಯೋಚನೆಯಿದೆ. ಆ ಯೋಚನೆಯ ಬಹುಪಾಲು ಕಳೆದ ನೂರು ವರ್ಷಗಳಲ್ಲಿ ಅಂಗಡಿಯ ಹಿಂದಿನ ಕಪಾಟಿಗೆ ಸರಿದುಹೋಯಿತು. ಅದು ಹೇಗಾಯಿತು ಎಂದು ತಿಳಿದರೆ ಯಾವ ಕೆಲಸಕ್ಕೆ ಯಾವ ಬಿಟ್ ಎಂಬುದೂ ತಿಳಿಯುತ್ತದೆ.

ಗುಂಬ, ನಾಭಿ, ಗಿರಮಿಟ್

ಕನ್ನಡದಲ್ಲಿ ಈ ಸಲಕರಣೆಯ ಹೆಸರು ಬೈರಿಗೆ. ತುಳುವಿನಲ್ಲೂ ಅದೇ. ಮಲಯಾಳಂನಲ್ಲಿ ತಮರ್, ತಮಿಳಿನಲ್ಲಿ ತುರಪ್ಪಣಂ, ಹಿಂದಿಯಲ್ಲಿ ಬರಮಾ. ಮರಾಠಿ ಬಡಗಿಗಳ ಬಾಯಲ್ಲಿ ಗಿರಮಿಟ್ ಎಂಬ ಮಾತೂ ಇದೆ. ಹುಬ್ಬಳ್ಳಿ-ಧಾರವಾಡದವರಿಗೆ ಗಿರಮಿಟ್ ಎಂದರೆ ಮಂಡಕ್ಕಿಯ ತಿಂಡಿ. ಫಿಜಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದ ಭೋಜಪುರಿಗಳಿಗೆ ಗಿರಮಿಟ್ ಎಂದರೆ ‘ಅಗ್ರಿಮೆಂಟ್’. ಮರಾಠಿ ಬಡಗಿಯ ಗಿರಮಿಟ್ ಬಂದದ್ದು ಇಂಗ್ಲಿಷಿನ ‘ಗಿಮ್ಲೆಟ್’ನಿಂದ, ಅಂದರೆ ಕೈಯಲ್ಲಿ ತಿರುವುವ ಪುಟ್ಟ ಬೈರಿಗೆಯಿಂದ. ಇಂಗ್ಲಿಷಿಗೆ ಅದು ಹಳೆಯ ಫ್ರೆಂಚಿನ ಮೂಲಕ ಬಂದಿತ್ತು. ಸಲಕರಣೆಗಳ ಜತೆ ಅವುಗಳ ಹೆಸರುಗಳೂ ಊರೂರು ಸುತ್ತುತ್ತವೆ.

ದೊಡ್ಡ ಬೈರಿಗೆಗೆ ಇಂಗ್ಲಿಷಿನಲ್ಲಿ ‘ಆಗರ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ನಾಫುಗಾರ್’ ಆಗಿತ್ತು. ನಾಫು ಎಂದರೆ ಗಾಲಿಯ ಗುಂಬ, ಗಾರ್ ಎಂದರೆ ಈಟಿ. ಒಟ್ಟಿಗೆ ‘ಗುಂಬವನ್ನು ತಿವಿಯುವ ಈಟಿ’. ‘ಎ ನಾಗರ್’ ಎಂದು ಹೇಳುತ್ತಾ ಹೇಳುತ್ತಾ ಜನ ಅದನ್ನು ‘ಆನ್ ಆಗರ್’ ಎಂದು ಒಡೆದುಕೊಂಡರು. ಮೊದಲ ಅಕ್ಷರ ಹಿಂದಿನ ಪದಕ್ಕೆ ಅಂಟಿಕೊಂಡು ಹೋಯಿತು. ಗಾಲಿಯ ನಡುವಿನ ಗುಂಬಕ್ಕೆ ಸಂಸ್ಕೃತದಲ್ಲಿ ನಾಭಿ ಎನ್ನುತ್ತಾರೆ. ಈ ನಾಭಿಯೂ ಆ ನಾಫುವೂ ಒಂದೇ ಮೂಲದ ಪದಗಳು.

ನಾಭಿಯ ನಡುವೆ ಅಚ್ಚು ತೂರಿಸುವ ತೂತಿಗೆ ವೇದಕಾಲದ ಹೆಸರು ‘ಖ’. ಋಗ್ವೇದದಲ್ಲಿ ‘ಸುಖ’ ಎಂಬುದು ಬಹುಮಟ್ಟಿಗೆ ರಥಕ್ಕೆ ಹೇಳುವ ವಿಶೇಷಣ. ಖ ಚೆನ್ನಾಗಿದ್ದರೆ, ಅಂದರೆ ಅಚ್ಚಿನ ತೂತು ದುಂಡಗೆ, ನಟ್ಟನಡುವೆ ಇದ್ದರೆ ಆ ರಥ ಸುಖ: ಕುಲುಕದೆ ಓಡುತ್ತದೆ. ಪದದ ಮೂಲವನ್ನು ಹೀಗೆ ಬಿಡಿಸುವುದು ಹಳೆಯ ಕಾಲದಿಂದ ಬಂದ ವಿವರಣೆ. ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲೂ ಅದು ಸಿಗುತ್ತದೆ. ತೂತು ಒಂದು ಬದಿಗೆ ಸರಿದರೆ ಗಾಲಿ ಸುತ್ತು ಸುತ್ತಿಗೂ ಕುಂಟುತ್ತದೆ ಎಂಬುದು ಗಾಡಿ ಮಾಡುವ ಯಾರಿಗೇ ಆದರೂ ಗೊತ್ತಿರುವ ಮಾತು.

ಪುಡಿ ಮತ್ತು ಸಿಪ್ಪೆ

ಕೊರೆಯುವ ವಿದ್ಯೆ ಮರಕ್ಕಿಂತ ಮೊದಲು ಕಲ್ಲಿನ ಜತೆ, ಮಣಿಯ ಜತೆ ಪಳಗಿದಂತೆ ಕಾಣುತ್ತದೆ. ಹಾಗೆ ಕಾಣುವುದಕ್ಕೆ ಕಾರಣವೂ ಇದೆ: ಮರ ಕೊಳೆತುಹೋಗುತ್ತದೆ, ಕಲ್ಲು ಉಳಿಯುತ್ತದೆ. ಬಲೂಚಿಸ್ತಾನದ ಮೆಹರ್‌ಗಢದ ಸ್ಮಶಾನದಲ್ಲಿ 7,500ರಿಂದ 9,000 ವರ್ಷಗಳಷ್ಟು ಹಳೆಯ ಅಸ್ಥಿಗಳಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಿಗೆ ಅಚ್ಚುಕಟ್ಟಾಗಿ ತೂತು ಕೊರೆದಿರುವುದು ಸಿಕ್ಕಿತು. 2006ರಲ್ಲಿ ಈ ಶೋಧ ಪ್ರಕಟವಾಯಿತು. ಚಕಮಕಿ ಕಲ್ಲಿನ ಮೊನೆ ಕಟ್ಟಿದ ಬಿಲ್ಲಿನ ಬೈರಿಗೆಯಿಂದ ಅಂಥ ತೂತನ್ನು ಒಂದು ನಿಮಿಷದೊಳಗೆ ಕೊರೆಯಬಹುದು ಎಂದು ಸಂಶೋಧಕರು ಮಾಡಿ ತೋರಿಸಿದರು. ಸಿಂಧೂ ನಾಗರಿಕತೆಯ ಚನ್ಹುದಾರೋ, ಧೋಲಾವೀರಾಗಳಲ್ಲಿ ಕೆಂಪು ಕಾರ್ನೀಲಿಯನ್ ಮಣಿಗಳಿಗೆ ತೂತು ಹಾಕುತ್ತಿದ್ದ ಬಲು ಗಟ್ಟಿಯಾದ ಕಲ್ಲಿನ ಬಿಟ್‌ಗಳು ಸಿಕ್ಕಿವೆ. ಈ ಕಲ್ಲಿಗೆ ಪುರಾತತ್ವಜ್ಞರು ಚನ್ಹುದಾರೋವನ್ನು ಅಗೆಸಿದ ಅರ್ನೆಸ್ಟ್ ಮ್ಯಾಕೆಯ ನೆನಪಿಗೆ ‘ಅರ್ನೆಸ್ಟೈಟ್’ ಎಂದು ಹೆಸರಿಟ್ಟರು.

ಬಿಲ್ಲಿನ ಬೈರಿಗೆಯ ಕೆಲಸ ಸರಳ. ಕಡ್ಡಿಯ ಸುತ್ತ ಬಿಲ್ಲಿನ ಹುರಿಯನ್ನು ಒಂದು ಸುತ್ತು ಸುತ್ತಿ, ತಲೆಯ ಮೇಲೊಂದು ಚಿಪ್ಪು ಒತ್ತಿ ಹಿಡಿದು, ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಕಡ್ಡಿ ಗಿರಗಿರನೆ ತಿರುಗುತ್ತದೆ. ಈಜಿಪ್ಟಿನಲ್ಲಿ ಮೂರನೆಯ ಥುಟ್‌ಮೋಸನ ಮಂತ್ರಿ ರೆಖ್‌ಮಿರೆಯ ಗೋರಿಯ ಗೋಡೆಯ ಮೇಲೆ ಬಡಗಿಯೊಬ್ಬ ಕುರ್ಚಿಗೆ ಹೀಗೆಯೇ ತೂತು ಕೊರೆಯುತ್ತಿದ್ದಾನೆ. ಚಿತ್ರಕ್ಕೆ ಸುಮಾರು 3,450 ವರ್ಷ. ಹೋಮರನ ಒಡಿಸ್ಸಿಯಲ್ಲಿ ಒಕ್ಕಣ್ಣಿನ ದೈತ್ಯನ ಕಣ್ಣಿಗೆ ಉರಿಯುವ ಕಂಬವನ್ನು ನೆಟ್ಟು ತಿರುವುವ ದೃಶ್ಯಕ್ಕೆ ಕವಿ ಕೊಡುವ ಹೋಲಿಕೆಯೂ ಇದೇ: ಹಡಗಿನ ತೊಲೆಯನ್ನು ಒಬ್ಬ ಕೊರೆಯುತ್ತಿದ್ದರೆ ಉಳಿದವರು ಪಟ್ಟಿ ಹಿಡಿದು ಎರಡೂ ಕಡೆಯಿಂದ ಎಳೆಯುತ್ತಿರುತ್ತಾರೆ. ಕೇಳುಗರೆಲ್ಲ ನೋಡಿದ್ದ ಕೆಲಸವಾದ್ದರಿಂದಲೇ ಅದು ಹೋಲಿಕೆಯಾಯಿತು.

ಇದರಲ್ಲಿ ಒಂದು ಕೊರತೆ ಇತ್ತು. ಬಿಲ್ಲು ಹಿಂದೆ ಮುಂದೆ ಹೋಗುವುದರಿಂದ ಮೊನೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಎರಡೂ ಕಡೆ ಕೆಲಸ ಮಾಡಬೇಕಾದ ಮೊನೆಗೆ ಉಳಿಯಂಥ ಹರಿತವಾದ ಒಂದೇ ಬಾಯಿ ಕೊಡಲಾಗದು. ಹಾಗಾಗಿ ಅದು ಮರವನ್ನು ಕತ್ತರಿಸುವುದಿಲ್ಲ, ಕೆರೆಯುತ್ತದೆ. ಕೆರೆದರೆ ಬರುವುದು ಪುಡಿ. ಪುಡಿ ತೂತಿನೊಳಗೇ ಕೂತು ಬಿಸಿಯಾಗುತ್ತದೆ, ಮರ ಕಮರುತ್ತದೆ.

ಈ ವ್ಯತ್ಯಾಸವನ್ನು ಬರಹದಲ್ಲಿ ದಾಖಲಿಸಿದವನು ಬಡಗಿಯಲ್ಲ, ಒಬ್ಬ ಕೃಷಿಕ. ಕ್ರಿಸ್ತಶಕ 1ನೇ ಶತಮಾನದಲ್ಲಿ ರೋಮಿನ ಕೊಲುಮೆಲ್ಲ ಬೇಸಾಯದ ಬಗ್ಗೆ ಬರೆದ ಗ್ರಂಥದಲ್ಲಿ ದ್ರಾಕ್ಷಿ ಬಳ್ಳಿಗೆ ಕಸಿ ಕಟ್ಟುವ ವಿಧಾನವಿದೆ. ಬಳ್ಳಿಯ ಕಾಂಡಕ್ಕೆ ತೂತು ಕೊರೆದು ಕಸಿಕಡ್ಡಿ ತೂರಿಸಬೇಕು. ಹಳೆಯ ಬೈರಿಗೆ ಪುಡಿ ಮಾಡಿ ತೂತಿನ ಒಳಮೈಯನ್ನು ಸುಡುತ್ತದೆ, ಸುಟ್ಟ ಕಡೆ ಕಸಿ ಹತ್ತುವುದಿಲ್ಲ. ಗಾಲ್ ದೇಶದ ಬೈರಿಗೆ ಸಿಪ್ಪೆ ತೆಗೆಯುತ್ತದೆ, ಒಳಮೈ ನುಣುಪಾಗಿ ಉಳಿಯುತ್ತದೆ. ಆದ್ದರಿಂದ ಅದನ್ನೇ ಬಳಸಬೇಕು ಎಂಬುದು ಅವನ ಸಲಹೆ. ಮರ ಕೊರೆಯುವ ವಿದ್ಯೆಯ ಅರ್ಧ ಭಾಗ ಈ ಮಾತಿನಲ್ಲಿದೆ. ಇವತ್ತಿಗೂ ಬಿಟ್ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ತೂತನ್ನು ನೋಡುವ ಮೊದಲು ಹೊರಬಿದ್ದದ್ದನ್ನು ನೋಡಬೇಕು. ಸಿಪ್ಪೆ ಬಂದರೆ ಬಿಟ್ ಕತ್ತರಿಸುತ್ತಿದೆ. ಕಂದು ಪುಡಿ, ಹೊಗೆಯ ವಾಸನೆ ಬಂದರೆ ಅದು ಉಜ್ಜುತ್ತಿದೆ.

ಸಿಪ್ಪೆ ತೆಗೆಯುವ ಬೈರಿಗೆಗಳ ಮೊನೆ ಚಮಚದ ಆಕಾರದ್ದು. ಮೇಲೆ ಅಡ್ಡ ಹಿಡಿಕೆ. ಎರಡೂ ಕೈಯಿಂದ ಒಂದೇ ದಿಕ್ಕಿಗೆ ತಿರುವಬೇಕು. 1936ರಲ್ಲಿ ಸ್ವೀಡನ್ನಿನ ಗೋಟ್ಲಂಡ್ ದ್ವೀಪದ ಮೆಸ್ಟರ್‌ಮಿರ್‌ನಲ್ಲಿ ಉಳುವಾಗ ಸಿಕ್ಕ ವೈಕಿಂಗ್ ಕಾಲದ ಸಲಕರಣೆ ಪೆಟ್ಟಿಗೆಯಲ್ಲಿ ಇಂಥ ಚಮಚ ಬೈರಿಗೆಗಳಿವೆ. ಆ ಕಾಲದ ಹಡಗು ಕಟ್ಟುವವರಿಗೆ ತೂತೆಂದರೆ ಜೀವದ ಪ್ರಶ್ನೆ. ಹಲಗೆಗಳನ್ನು ಮರದ ಗೂಟ ಬಡಿದು ಸೇರಿಸಿದರೂ, ಹಗ್ಗದಿಂದ ಹೊಲಿದರೂ, ಪ್ರತಿ ಜೋಡಣೆ ಒಂದು ತೂತಿನಿಂದಲೇ ಶುರು.

ಅರಬ್ಬೀ ಸಮುದ್ರದ ಹಡಗುಗಳು ಹೊಲಿಗೆಯವು. ಹೊರ್ಮುಜ್‌ನಲ್ಲಿ ಅವನ್ನು ಕಂಡ ಮಾರ್ಕೋ ಪೋಲೋ, ಅಲ್ಲಿಯ ಮರ ಗಟ್ಟಿ, ಮೊಳೆ ಹೊಡೆದರೆ ಮಡಕೆಯ ಹಾಗೆ ಬಿರಿಯುತ್ತದೆ, ಅದಕ್ಕೇ ತೂತು ಕೊರೆದು ಗೂಟ ಹಾಕಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ ಎಂದು ವಿವರಿಸುತ್ತಾನೆ. ಅಂಥ ಹಡಗು ಅವನ ಕಣ್ಣಿಗೆ ಅಪಾಯಕರವಾಗಿ ಕಂಡಿತ್ತು. ಪಶ್ಚಿಮ ಕರಾವಳಿಯ ಕಸುಬುದಾರರಿಗೆ ಅದು ತಲೆಮಾರುಗಳ ವಿದ್ಯೆ. ಅಜಂತಾ ಗುಹೆಯ ಚಿತ್ರವೊಂದರಲ್ಲಿರುವ ಹಡಗನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗಳನ್ನು ನಾರಿನ ಹಗ್ಗದಿಂದಲೇ ಹೊಲಿದು ಕಟ್ಟಿದ ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ಇಂಥ ಹೊಲಿಗೆಯಲ್ಲಿ ಒಂದು ಹಲಗೆಯ ತೂತು ಪಕ್ಕದ ಹಲಗೆಯ ತೂತಿಗೆ ಎದುರುಬದುರಾಗಿ ಕೂರಬೇಕು. ಸಾಲು ತಪ್ಪಿದರೆ ಹಗ್ಗ ಬಿಗಿಯುವುದಿಲ್ಲ, ಬಿಗಿಯದ ಕಡೆ ನೀರು ನುಗ್ಗುತ್ತದೆ.

ನಾಲ್ಕು ಕೆಲಸ

ಚಮಚ ಬೈರಿಗೆಗೂ ಮಿತಿಗಳಿದ್ದವು. ಅದರ ಮೊನೆ ಗುರುತಿನ ಮೇಲೆ ನಿಲ್ಲುವುದಿಲ್ಲ. ಮೊದಲು ಉಳಿಯಿಂದ ಸಣ್ಣ ಗುಂಡಿ ತೋಡಿಕೊಡಬೇಕು. ಸಿಪ್ಪೆ ಚಮಚದಲ್ಲಿ ತುಂಬಿಕೊಂಡಾಗಲೆಲ್ಲ ಹೊರಗೆಳೆದು ಕೊಡವಬೇಕು. ಮುಂದಿನ ನಾಲ್ಕೈದು ಶತಮಾನಗಳಲ್ಲಿ ಆದದ್ದೆಲ್ಲ ಈ ತೊಂದರೆಗಳನ್ನು ಒಂದೊಂದಾಗಿ ಬಗೆಹರಿಸುವ ಕೆಲಸ.

ಮೊದಲು ಬದಲಾದದ್ದು ತಿರುವುವ ರೀತಿ. ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಸಂಗ್ರಹಾಲಯದಲ್ಲಿ ಮೆರೋಡ್ ಆಲ್ಟರ್‌ಪೀಸ್ ಎಂಬ ಮೂರು ಹಲಗೆಗಳ ಚಿತ್ರವಿದೆ. ರಾಬರ್ಟ್ ಕಾಂಪಿನ್ ಎಂಬ ಕಲಾವಿದನ ಕಾರ್ಯಶಾಲೆಯಲ್ಲಿ 1427–32ರ ಸುಮಾರಿಗೆ ಬರೆದದ್ದು. ಬಲಗಡೆಯ ಹಲಗೆಯಲ್ಲಿ ಏಸುವಿನ ಸಾಕುತಂದೆ, ಬಡಗಿ ಜೋಸೆಫ್, ಅಂಗಡಿಯಲ್ಲಿ ಕೂತು ಮರದ ತುಂಡಿಗೆ ಸಾಲಾಗಿ ತೂತು ಕೊರೆಯುತ್ತಿದ್ದಾನೆ. ಅವನ ಕೈಯಲ್ಲಿರುವುದು ‘ಬ್ರೇಸ್’: ಕೊಕ್ಕೆಯ ಹಾಗೆ ಬಾಗಿದ ಹಿಡಿಕೆ. ಮೇಲಿನ ಗುಬುಟನ್ನು ಒತ್ತಿ ಹಿಡಿದು ನಡುವಿನ ಬಾಗನ್ನು ಸುತ್ತಿಸಿದರೆ ಬಿಟ್ ನಿಲ್ಲದೆ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ಕೈ ಬದಲಿಸುವ ಅಗತ್ಯವಿಲ್ಲ. ಈ ಸಲಕರಣೆಯ ತೀರಾ ಹಳೆಯ ಚಿತ್ರಗಳಲ್ಲಿ ಇದೂ ಒಂದು.

ತಿರುವುವುದು ಸಲೀಸಾದ ಮೇಲೆ ಮೊನೆಯ ಸರದಿ. ಮರ ಎಂದರೆ ಒಟ್ಟಾಗಿ ಅಂಟಿದ ನಾರುಗಳ ಕಟ್ಟು. ಲೋಹದ ಹಾಗೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಗೆ ಅಡ್ಡಲಾಗಿ ಎತ್ತಿದರೆ ನಾರು ಕತ್ತರಿಸಿಕೊಳ್ಳುವ ಬದಲು ಸಿಗಿದು ಏಳುತ್ತದೆ. ಬಿದಿರನ್ನು ಮಂಡ ಕತ್ತಿಯಿಂದ ಅಡ್ಡ ಕಡಿದವರಿಗೆ ಇದು ಗೊತ್ತು. ಹೀಗಾಗಿ ಒಳ್ಳೆಯ ಮರದ ಬಿಟ್ ನಾಲ್ಕು ಕೆಲಸ ಮಾಡಬೇಕು. ಒಂದು, ನಡುಮೊನೆ ಗುರುತಿನಲ್ಲಿ ನೆಟ್ಟು ನಿಲ್ಲಬೇಕು. ಎರಡು, ತೂತಿನ ಅಂಚಿನ ನಾರುಗಳನ್ನು ಪುಟ್ಟ ಚೂರಿಯೊಂದು ಮೊದಲೇ ಸುತ್ತಲೂ ಕೊಯ್ದಿಡಬೇಕು. ಮೂರು, ಹಾಗೆ ಕೊಯ್ದ ವೃತ್ತದೊಳಗಿನ ಮರವನ್ನು ಉಳಿಯಂಥ ಬಾಯಿ ಎಬ್ಬಿಸಬೇಕು. ನಾಲ್ಕು, ಎಬ್ಬಿಸಿದ ಸಿಪ್ಪೆ ತಾನಾಗಿ ಮೇಲಕ್ಕೆ ಬರಬೇಕು.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ‘ಸೆಂಟರ್ ಬಿಟ್’ ಮೊದಲ ಮೂರು ಕೆಲಸಗಳನ್ನು ಕಲಿತಿತ್ತು: ನಡುವೆ ಮೊನೆ, ಒಂದು ಕಡೆ ಚೂರಿ, ಇನ್ನೊಂದು ಕಡೆ ಉಳಿ. ನಾಲ್ಕನೆಯದನ್ನು ಸಾಧಿಸಿದ್ದು ಸುರುಳಿ. ಕಡ್ಡಿಯ ಸುತ್ತ ಇಳಿಯುವ ಸುರುಳಿ ಕಾಲುವೆ ಸಿಪ್ಪೆಯನ್ನು ಹೊತ್ತು ಹೊರಹಾಕುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಸೆಲ್ ಜೆನ್ನಿಂಗ್ಸ್ 1855ರಲ್ಲಿ ಪೇಟೆಂಟ್ ಪಡೆದ ಜೋಡಿ ಸುರುಳಿಯ ಬಿಟ್‌ನಲ್ಲಿ ನಾಲ್ಕೂ ಒಂದಾದವು. ಅದರ ನಡುವಿನ ತುದಿ ಪುಟ್ಟ ಸ್ಕ್ರೂ. ಮರದೊಳಗೆ ಹೊಕ್ಕು ಬಿಟ್ಟನ್ನು ತಾನೇ ಎಳೆದುಕೊಳ್ಳುತ್ತದೆ. ಬಡಗಿ ಒತ್ತಬೇಕಿಲ್ಲ, ತಿರುವಿದರೆ ಸಾಕು. 1885ರಲ್ಲಿ ಒಹಾಯೋ ರಾಜ್ಯದ ಔಷಧ ವ್ಯಾಪಾರಿ ಚಾರ್ಲ್ಸ್ ಇರ್ವಿನ್, ಬೇರೆಯವರು ಕಂಡುಹಿಡಿದ ಒಂದೇ ಸುರುಳಿಯ, ನಡುವೆ ಗಟ್ಟಿ ದಂಡವುಳ್ಳ ಬಿಟ್‌ನ ಹಕ್ಕು ಕೊಂಡು ಕಂಪನಿ ಕಟ್ಟಿದ. ಹಳೆಯ ಸಾಮಾನಿನ ಬಜಾರುಗಳಲ್ಲಿ ಇಂಥ ಬಿಟ್ ಸಿಕ್ಕರೆ ಚೌಕನೆಯ ಬುಡದಲ್ಲಿ ಬರೀ ಒಂದು ಅಂಕಿ ಕಾಣಬಹುದು. 8 ಎಂದಿದ್ದರೆ ಇಂಚಿನ ಹದಿನಾರರಲ್ಲಿ ಎಂಟು ಭಾಗ, ಅಂದರೆ ಅರ್ಧ ಇಂಚು.

ಬಂದೂಕಿನ ಮನೆಯಿಂದ ಇಬ್ಬರು

ಈಗ ಬಡಗಿಗಳ ಚೀಲದಲ್ಲಿರುವ ಎರಡು ಮುಖ್ಯ ಬಿಟ್‌ಗಳು ಬಂದೂಕಿನ ನೆರಳಿನಲ್ಲಿ ಬೆಳೆದವು.

ಒಂದು ಟ್ವಿಸ್ಟ್ ಡ್ರಿಲ್. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಬಿಟ್ ಕೊಡಿ’ ಎಂದರೂ ಮೊದಲು ಕೈಗಿಡುವ, ತುದಿ ಚಪ್ಪಟೆ ಕೋನದ ಸುರುಳಿ ಕಡ್ಡಿ. ಮ್ಯಾಸಚೂಸೆಟ್ಸ್‌ನ ಸ್ಟೀಫನ್ ಮೋರ್ಸ್ 1863ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಬಂದೂಕಿನ ಕೇಪು ಕೂರಿಸುವ ಉಕ್ಕಿನ ಪುಟ್ಟ ನಿಪ್ಪಲ್‌ಗಳಿಗೆ ತೂತು ಕೊರೆಯಲು ಪ್ರಾವಿಡೆನ್ಸ್ ನಗರದ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಸುರುಳಿ ಬಿಟ್‌ಗಳನ್ನು ದುಂಡು ಅರದಿಂದ ಕೈಯಲ್ಲೇ ಉಜ್ಜಿ ಮಾಡುತ್ತಿದ್ದರು. ಆ ಶ್ರಮ ತಪ್ಪಿಸಲು ಜೋಸೆಫ್ ಬ್ರೌನ್ 1862ರಲ್ಲಿ ಒಂದು ಯಂತ್ರ ಮಾಡಿಕೊಟ್ಟ. ಅದೇ ಯೂನಿವರ್ಸಲ್ ಮಿಲ್ಲಿಂಗ್ ಮಿಷನ್. ಮುಂದೆ ಲೋಕದ ವರ್ಕ್‌ಶಾಪುಗಳಲ್ಲೆಲ್ಲ ಅದು ನೆಲೆಯೂರಿತು. ಸುರುಳಿ ಬಿಟ್ ಅಗ್ಗವಾಗಿ, ಸಾವಿರಗಟ್ಟಲೆ ಸಿಗತೊಡಗಿತು. ಅದರ ಗುರಿ ಲೋಹ. ಲೋಹಕ್ಕೆ ನಾರಿಲ್ಲವಾದ್ದರಿಂದ ಅಂಚಿನ ಚೂರಿ ಬೇಕಿಲ್ಲ. ಮೊದಲೇ ಪಂಚ್ ಬಡಿದು ಗುಳಿ ಮಾಡುವುದರಿಂದ ನಡುಮೊನೆಯೂ ಬೇಕಿಲ್ಲ. ಎರಡನ್ನೂ ಬಿಟ್ಟುಕೊಟ್ಟದ್ದು ಅಲ್ಲಿ ತಪ್ಪಾಗಿರಲಿಲ್ಲ.

ಇನ್ನೊಂದು ಬಿಟ್ ಬೆಂಜಮಿನ್ ಫೋರ್ಸ್ಟ್‌ನರ್‌ನದು. ಆರಿಗನ್ ರಾಜ್ಯದ ಸೇಲಂನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಅವನು 1874ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಂದೂಕಿನ ಮರದ ಹಿಡಿಯಲ್ಲಿ ಲೋಹದ ಭಾಗಗಳು ಕೂರುವ ಗುಂಡಿಗಳ ತಳ ಸಪಾಟಾಗಿರಬೇಕು. ಸ್ಕ್ರೂ ತುದಿಯ ಬಿಟ್ ಹಾಕಿದರೆ ತಳದ ನಡುವೆ ಇನ್ನೊಂದು ತೂತು ಬೀಳುತ್ತದೆ. ಫೋರ್ಸ್ಟ್‌ನರ್ ದಿಕ್ಕು ಹಿಡಿಯುವ ಕೆಲಸವನ್ನು ನಡುಮೊನೆಯಿಂದ ತೆಗೆದು ಹೊರಅಂಚಿಗೆ ವಹಿಸಿದ: ಬಿಟ್ಟಿನ ಸುತ್ತಲೂ ಹರಿತವಾದ ಬಳೆ. ಬಳೆಯೇ ದಾರಿ ತೋರಿಸುವುದರಿಂದ ತೂತನ್ನು ಹಲಗೆಯ ಅಂಚಿನಲ್ಲಿ ಅರ್ಧವಾಗಿ, ಓರೆಯಾಗಿ, ಇನ್ನೊಂದು ತೂತಿನ ಮೇಲೆ ಹಾಯುವಂತೆಯೂ ಕೊರೆಯಬಹುದು.

ಇಂದಿನ ಮುಂಬೈ, ಪುಣೆ, ಚೆನ್ನೈಗಳ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲು ತೆರೆದು ಒಳಬದಿ ನೋಡಿದರೆ ಈ ಬಿಟ್ಟಿನ ಕೆಲಸ ಕಾಣುತ್ತದೆ. ಬಡಗಿಗಳು ‘ಆಟೋ ಹಿಂಜ್’ ಎನ್ನುವ ಬಟ್ಟಲು ಕೀಲು ಕೂತಿರುವ ಗುಂಡಿ 35 ಮಿ.ಮೀ. ಅಗಲದ್ದು, ಆಳ ಸುಮಾರು 12 ಮಿ.ಮೀ. ಬಾಗಿಲಿನ ದಪ್ಪ ಸಾಮಾನ್ಯವಾಗಿ 18 ಮಿ.ಮೀ. ಉಳಿಯುವುದು ಆರೇ ಮಿ.ಮೀ. ಉದ್ದ ಮೊನೆಯ ಬಿಟ್ ಹಾಕಿದರೆ ಅದು ಹೊರಗಿನ ಲ್ಯಾಮಿನೇಟನ್ನು ತೂರಿ ಬರುತ್ತದೆ.

ಮೋಟಾರು ಬಂದ ಮೇಲೆ

1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. 1917ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ಪಿಸ್ತೂಲಿನ ಹಿಡಿ, ಬೆರಳಿನ ಕುದುರೆ ಇರುವ ಡ್ರಿಲ್‌ಗೆ ಪೇಟೆಂಟ್ ಪಡೆಯಿತು. ಈಗಿನ ಮಿಷನ್ನುಗಳ ರೂಪ ಅಲ್ಲಿಂದ ಬಂದದ್ದು. 1961ರಲ್ಲಿ ಅದೇ ಕಂಪನಿ ಬ್ಯಾಟರಿ ಡ್ರಿಲ್ ತಂದಿತು.

ಬ್ರೇಸ್ ತಿರುಗುವುದು ಕೈಯ ವೇಗದಲ್ಲಿ. ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ. ಸ್ಕ್ರೂ ತುದಿಯ ಬಿಟ್ಟನ್ನು ಆ ವೇಗಕ್ಕೆ ಕಟ್ಟಿದರೆ ಅದು ಮರದೊಳಗೆ ತನ್ನ ಲೆಕ್ಕದಲ್ಲಿ ನುಗ್ಗಿ, ಕಚ್ಚಿಕೊಂಡು, ಹಿಡಿದವರ ಮಣಿಕಟ್ಟನ್ನೇ ತಿರುಚುತ್ತದೆ. ಜತೆಗೆ ಹಳೆಯ ಬಿಟ್‌ಗಳ ಚೌಕ ಬುಡ ಹೊಸ ಮಿಷನ್ನಿನ ಮೂರು ಹಲ್ಲಿನ ಚಕ್‌ಗೆ ಕೂರುವುದಿಲ್ಲ. ದುಂಡು ಬುಡದ, ಸ್ಕ್ರೂ ಇಲ್ಲದ, ಅಗ್ಗದ ಟ್ವಿಸ್ಟ್ ಡ್ರಿಲ್ ಕೂರುತ್ತದೆ. 1900ರ ಪ್ಯಾರಿಸ್ ಮೇಳದಲ್ಲಿ ಟೇಲರ್ ಮತ್ತು ವೈಟ್ ತೋರಿಸಿದ, ಕೆಂಪಗೆ ಕಾದರೂ ಹರಿತ ಬಿಡದ ಹೈಸ್ಪೀಡ್ ಉಕ್ಕು ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಬಿಟ್ಟಿನ ಬುಡದಲ್ಲಿ ‘ಎಚ್‌ಎಸ್‌ಎಸ್’ ಎಂದಿದ್ದರೆ ಅರ್ಥ ಅದೇ. ಲೋಹದ ಬಿಟ್ ಹೀಗೆ ಎಲ್ಲದರ ಬಿಟ್ ಆಯಿತು. ಎರಡು ಸಾವಿರ ವರ್ಷಗಳಲ್ಲಿ ಕಲಿತ ನಾಲ್ಕು ಕೆಲಸಗಳಲ್ಲಿ ನಡುಮೊನೆ, ಅಂಚಿನ ಚೂರಿ ಎರಡೂ ಮರಗೆಲಸದಿಂದ ಸದ್ದಿಲ್ಲದೆ ಜಾರಿದವು. ಗುರುತು ತಪ್ಪಿ ಜಾರುವ ಬಿಟ್, ಸಿಗಿದು ಏಳುವ ಅಂಚು, ಇವೆರಡೂ ಅಲ್ಲಿಂದ ಬಂದ ದೂರುಗಳೇ.

ಕಳೆದುಹೋದದ್ದನ್ನು ಟ್ವಿಸ್ಟ್ ಡ್ರಿಲ್‌ಗೆ ಮತ್ತೆ ಜೋಡಿಸಿದರೆ ಸಿಗುವುದು ‘ಬ್ರ್ಯಾಡ್ ಪಾಯಿಂಟ್’ ಬಿಟ್. ಮೈ ಟ್ವಿಸ್ಟ್ ಡ್ರಿಲ್‌ನದು, ದುಂಡು ಬುಡ. ತುದಿಯಲ್ಲಿ ಮಾತ್ರ ಮುಳ್ಳಿನಂಥ ನಡುಮೊನೆ, ಎರಡು ಬದಿಗೂ ಪುಟ್ಟ ಚೂರಿ. ‘ಮರದ ಬಿಟ್ ಕೊಡಿ’ ಎಂದು ಬಾಯಿಬಿಟ್ಟು ಕೇಳಿದರೆ ಇದು ಸಿಗುತ್ತದೆ. ಕೇಳದಿದ್ದರೆ ಎಚ್‌ಎಸ್‌ಎಸ್ ಸೆಟ್ಟೇ ಕೈಗೆ ಬರುತ್ತದೆ.

ಯಾವುದಕ್ಕೆ ಯಾವುದು

ಎಚ್‌ಎಸ್‌ಎಸ್ ಬಿಟ್ ಮರಕ್ಕೆ ಬೇಡವೇ ಬೇಡ ಎಂದಲ್ಲ. ಸ್ಕ್ರೂ ಇಳಿಸುವ ಮೊದಲು ಹಾಕುವ ಎರಡು ಮೂರು ಮಿ.ಮೀ. ತೂತುಗಳಿಗೆ ಅದೇ ಸಾಕು. ಅಂಚನ್ನು ಸ್ಕ್ರೂವಿನ ತಲೆ ಮುಚ್ಚುತ್ತದೆ. ತೂತಿನ ಅಳತೆ ಸ್ಕ್ರೂವಿನ ಎಳೆಗಳನ್ನು ಬಿಟ್ಟು ನಡುವಿನ ದಂಡದಷ್ಟಿರಬೇಕು. ತೇಗ, ಹೊನ್ನೆಯಂಥ ಮರಕ್ಕೆ ತೂತು ಹಾಕದೆ ಸ್ಕ್ರೂ ಬಿಗಿದರೆ, ಮಾರ್ಕೋ ಪೋಲೋ ಹೇಳಿದ ಮಡಕೆಯ ಕತೆಯೇ.

ಮರದ ಗೂಟ ಕೂರಿಸುವ ತೂತು, ಹಿಡಿಕೆಯ ತೂತು, ಕಣ್ಣಿಗೆ ಕಾಣುವ ಯಾವುದೇ ತೂತಿಗೆ ಬ್ರ್ಯಾಡ್ ಪಾಯಿಂಟ್. ಕೀಲಿನ ಬಟ್ಟಲಿಗೆ, ತಳ ಸಪಾಟಾಗಿರಬೇಕಾದ ಗುಂಡಿಗೆ ಫೋರ್ಸ್ಟ್‌ನರ್. ಅದನ್ನು ನಿಧಾನ ವೇಗದಲ್ಲಿ ಓಡಿಸಬೇಕು, ಇಲ್ಲವಾದರೆ ಬಳೆ ಕಾದು ಮರವೂ ಕಪ್ಪು, ಬಿಟ್ಟೂ ಮೊಂಡು. ವೈರು ಹಾಯಿಸಲು ಮೇಜಿಗೆ ಹಾಕುವ ಒರಟು ತೂತಿಗೆ ಚಪ್ಪಟೆ ಸ್ಪೇಡ್ ಬಿಟ್ ನಡೆಯುತ್ತದೆ. ದಪ್ಪ ತೊಲೆಗೆ ಆಳವಾಗಿ ಕೊರೆಯಬೇಕಾದರೆ ಸುರುಳಿಯ ಆಗರ್ ಬಿಟ್, ಕಡಿಮೆ ವೇಗ, ಗಟ್ಟಿ ಹಿಡಿತ. ತುದಿ ಮಾತ್ರ ಮೈಗಿಂತ ಅಗಲವಾಗಿ, ಮೊಂಡು ಉಳಿಯ ಹಾಗಿದ್ದರೆ ಅದು ಗೋಡೆಯ ಬಿಟ್. ಅದು ಸಿಮೆಂಟನ್ನು ಕುಟ್ಟಿ ಪುಡಿಮಾಡಲು ಇರುವುದು. ಮರದಲ್ಲಿ ಹರಿಯುವ ಬದಲು ಸುಡುತ್ತದೆ.

ಹಿಂಬದಿ ಸಿಗಿಯದಿರಲು ಹಳೆಯ ಬಡಗಿಗಳ ಉಪಾಯ ಎರಡು. ಹಲಗೆಯ ಹಿಂದೆ ಬೇಡದ ಇನ್ನೊಂದು ಹಲಗೆಯನ್ನು ಬಿಗಿದು ಎರಡನ್ನೂ ಸೇರಿಸಿ ಕೊರೆಯುವುದು. ಅಥವಾ ನಡುಮೊನೆ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆ ತಿರುಗಿಸಿ, ಆ ಚುಕ್ಕೆಯಿಂದ ಈಚೆಗೆ ಮುಗಿಸುವುದು. ಎರಡನೆಯ ಉಪಾಯಕ್ಕೆ ನಡುಮೊನೆ ಇರುವ ಬಿಟ್ಟೇ ಬೇಕು. ಟ್ವಿಸ್ಟ್ ಡ್ರಿಲ್ ಅಂಥ ಚುಕ್ಕೆ ಬಿಡುವುದಿಲ್ಲ. ಅದು ಆಚೆ ಕಾಣಿಸಿಕೊಳ್ಳುವ ಹೊತ್ತಿಗೆ ಚಕ್ಕೆ ಎದ್ದಾಗಿರುತ್ತದೆ.

ದಿನಗೂಲಿಗೆ ಬರುವ ಬಡಗಿ ತನ್ನ ಬಿಟ್‌ಗಳನ್ನು ತಾನೇ ಕೊಳ್ಳುತ್ತಾನೆ. ಒಂದು ಮನೆಯಲ್ಲಿ ಮರ, ಮರುದಿನ ಕಬ್ಬಿಣದ ಗ್ರಿಲ್ಲು, ಆಮೇಲೆ ಗೋಡೆ. ಎಲ್ಲಕ್ಕೂ ಆದೀತೆಂದು ಎಚ್‌ಎಸ್‌ಎಸ್ ಸೆಟ್ ಇಟ್ಟುಕೊಂಡಿರುತ್ತಾನೆ. ಲಕ್ಷಗಟ್ಟಲೆ ಸುರಿದು ಪ್ಲೈವುಡ್, ಲ್ಯಾಮಿನೇಟ್, ಕೀಲುಗಳ ಬ್ರ್ಯಾಂಡನ್ನು ಗಂಟೆಗಟ್ಟಲೆ ಆರಿಸುವ ಮನೆಗಳಲ್ಲಿ ಅವನ್ನು ಕೊರೆಯುವ ಬಿಟ್ಟಿನ ಮಾತು ಬರುವುದೇ ಇಲ್ಲ. ಕೆಲಸ ಶುರುವಾಗುವ ಮೊದಲು ಮರದ ಬಿಟ್‌ಗಳ ಒಂದು ಸೆಟ್ಟನ್ನೂ 35 ಮಿ.ಮೀ. ಫೋರ್ಸ್ಟ್‌ನರ್ ಒಂದನ್ನೂ ಮನೆಯವರೇ ತಂದುಕೊಟ್ಟರೆ, ಹಾಳಾಗುವ ಒಂದು ಬಾಗಿಲಿನ ಬೆಲೆಗಿಂತ ಕಡಿಮೆಗೆ ಅದು ಮುಗಿಯುತ್ತದೆ. ಮೊದಲ ತೂತು ಬೇಡದ ಪ್ಲೈವುಡ್ ತುಂಡಿನ ಮೇಲೆ ಬೀಳಲಿ. ಹೊರಬಂದದ್ದು ಪುಡಿಯೋ ಸಿಪ್ಪೆಯೋ ನೋಡಿಕೊಂಡು ಬಾಗಿಲಿಗೆ ಕೈ ಹಚ್ಚಬಹುದು.